ಒಡೆಸ್ಸವ್ವನ ಹಬ್ಬದಾಗ ಎತ್ತಿ ಕುಡಿದ ನೀರು

ಅಲ್ಲಾ, ನನಗ ಹಂಗ ಕೇಳಿಸ್ತು, ಅದಕ್ಕ ನಾ ಏನ್ ಮಾಡ್ಲಿ? ನಕ್ಕೋತ ಕೂತೀರಲ್ಲ ಇಬ್ರೂ. ಇನ್ನೂ ಬೆಳಕ ಹರಿದಿದ್ದಿಲ್ಲ, ಬಗಲಾಗ ಕೂಸು, ಹೆಗಲಿಗೆ ಚೀಲ, ಬಸ್ಸು ತಪ್ಪೀತು ಅನ್ನೋ ಗಡಿಬಿಡಿ, ಅಂಥಾದ್ರಾಗ ಒಡೆಸ್ಸವ್ವ ಬಾಗಲಾ ತಗದು, ಮೈಮ್ಯಾಲೆ ಹಸರು ಕೆಂಪು ನಿಲುವಂಗಿ, ತಲಿಗೆ ಅದರದ ವಸ್ತ್ರ ಸುತ್ತಿಕೊಂಡು, ಎರಡೂ ಕೈ ಚಾಚಿ "ಹಬಾರಿ ಗಾನೀ!" ಅಂದ್ಲು. ನನ್ನ ಕಿವಿಗೆ ಬಿದ್ದದ್ದು ಏನು? "ಹಬ್ಬಾ ರೀ!" ಅಂತ ಬಿತ್ತು. ಧಾರವಾಡ ಬಿಟ್ಟು ಅಮೆರಿಕಾದ ಈ ಓಕ್‌ಲ್ಯಾಂಡಿಗೆ ಬಂದ ಮ್ಯಾಲೆ ನಮ್ಮ ಮನಿಯವರನ್ನ ಬಿಟ್ರ ಯಾರ ಬಾಯಾಗೂ ನಾ ಆ "ರೀ" ಕೇಳಿದ್ದಿಲ್ಲ. ಎದಿ ಝಲ್ಲಂತು ನೋಡ್ರಿ. ನಾನೂ ಹಂಗನ ಅಚ್ಚ ಕನ್ನಡದಾಗ, "ಹೌದೇನ್ರೀ? ಯಾವ ಹಬ್ಬಾ ರೀ ಇವತ್ತ?" ಅಂತ ಕೇಳೇಬಿಟ್ಟೆ! ಆಕಿ ಕಣ್ಣು ಪಿಳಿಪಿಳಿ. "ಏನಂದಿ ಹನೀ?" ನಾ ಕೈ ಸನ್ನಿ ಮಾಡಿ, ನನಗ ಬರೋ ನಾಕು ಇಂಗ್ಲಿಷು ಕೂಡಿಸಿ, ನಮ್ಮ ಭಾಷಾದಾಗ ಹಬ್ಬ ಅಂದ್ರ ಫೆಸ್ಟಿವಲ್ಲು ಅಂತ ಹೇಳಿದ್ರ, ಅಕಾ, ಆಕಿ ನಗೋದು ಏನು, ತೊಡಿ ಬಡಕೊಳ್ಳೋದು ಏನು. ಅದು ಸ್ವಾಹಿಲಿ ಅಂತ, ಆಫ್ರಿಕಾದ ಭಾಷಾ, "ಏನ್ ಸಮಾಚಾರ" ಅಂತ ಅದರ ಅರ್ಥ. "ನಾ ಸಮಾಚಾರ ಕೇಳಿದ್ರ ನೀ ಹಬ್ಬ ಅಂದಿ. ಅದೂ ಸುಳ್ಳಲ್ಲ ಬಿಡು, ಇವತ್ತಿನಿಂದ ನಮ್ಮ ಹಬ್ಬನ!" ಅಂದ್ಲು. ಒಡೆಸ್ಸವ್ವನ ಮಾತು ಎಲ್ಲಾ ನಾ ನಮ್ಮ ಭಾಷಾದಾಗ ಹೇಳ್ತೀನಿ ಹಾಂ, ಆಕಿ ಹೇಳಿದ್ದು ಇಂಗ್ಲಿಷಿನ್ಯಾಗ, ನನಗ ತಿಳಿದದ್ದು ಹಿಂಗ.

ಕ್ವಾಂಝಾ ಅಂತ ಅದರ ಹೆಸರು. ಹಿಂದಕ ಆಫ್ರಿಕಾದಿಂದ ಹಡಗಿನ್ಯಾಗ ತುಂಬಿಕೊಂಡು ತಂದ್ರಲ್ಲ ಮಂದೀನ, ಸಾಲಿಯಾಗ ಓದೀರಿ ನೀವು, ಆ ಮಂದಿ ಮೊಮ್ಮಕ್ಕಳು ಮರಿಮಕ್ಕಳು ಎಲ್ಲಾ ಕೂಡಿ ಮಾಡೋ ಹಬ್ಬ. ಕ್ರಿಸ್‌ಮಸ್ ಮರುದಿನಕ್ಕ ಸುರು, ಹೊಸ ವರ್ಷಕ್ಕ ಮುಗೀತದ. ದಿನಾ ಸಂಜಿಕೆ ಒಂದು ಮೇಣಬತ್ತಿ ಹಚ್ಚೋದು, ದಿನಕ್ಕೊಂದು ಮಾತು ಹಿಡಿದು ಅದರ ಬಗ್ಗೆ ಎಲ್ಲಾರೂ ಮಾತಾಡೋದು. ಮೊದಲನೇ ದಿನದ ಮಾತು ಒಕ್ಕಟ್ಟು. ಆಕಿ ಮೇಜಿನ ಮ್ಯಾಲೆ ಒಂದು ಸಣ್ಣ ಚಾಪಿ ಹಾಸಿ, ಬತ್ತಿ ಇಟ್ಟು, ಹಣ್ಣು ಇಟ್ಟು, ಒಂದು ಗೋವಿನಜೋಳದ ತೆನಿ ಇಟ್ಟಿದ್ಲು. ಥೇಟ್ ನಮ್ಮ ನವರಾತ್ರಿ ಘಟ್ಟದ ಮುಂದ ಇಟ್ಟಂಗ. "ಇದೇನು ತೆನಿ?" ಅಂತ ಕೇಳಿದೆ. "ಮನ್ಯಾಗ ಎಷ್ಟು ಮಕ್ಕಳೋ ಅಷ್ಟು ತೆನಿ ಇಡೋದು." "ನಿನ್ನ ಮಗಳು ದೊಡ್ಡಾಕ್ಯಾಗಿ ಬ್ಯಾರೆ ಊರಾಗ ಇದ್ದಾಳಲ್ಲ?" ಅಂದೆ. "ಇದು ಆಕೀದಲ್ಲ, ವಾಸೂಂದು" ಅಂದ್ಲು. ಯಾರು ವಾಸು? ನಿಮ್ಮಪ್ಪಾ! ನನ್ನ ಬಗಲಾಗ ತೂಕಡಿಸಲಿಕತ್ತಿದ್ದನಲ್ಲ, ಅಂವಂದು.

ತಡೀರಿ, ಒಡೆಸ್ಸವ್ವ ಯಾರು ಅಂತನ ಹೇಳಲಿಲ್ಲ ನಾ. ಹೆಸರು ಒಡೆಸ್ಸಾ. ಆ ಅಪಾರ್ಟ್‌ಮೆಂಟಿನ್ಯಾಗ ಎಲ್ಲಾರೂ "ಮಿಸ್ ಒಡೆಸ್ಸಾ" ಅಂತಿದ್ರು, ನನ್ನ ಬಾಯಿಗೆ ಅದು ಒಡೆಸ್ಸವ್ವ ಅಂತ ಬಂತು, ಹಂಗನ ನಿಂತಿತು. ಎದುರು ಬಾಗಲದಾಕಿ. ಮೊದಲ ಸಾಲಿ ಬಸ್ಸು ಹೊಡೀತಿದ್ಲು, ಮೊಣಕಾಲು ಬ್ಯಾನಿ ಸುರು ಆದ ಮ್ಯಾಲೆ ಬಿಟ್ಟಿದ್ಲು. ಎಂಬತ್ತರ ಆಚಿ ಈಚಿ ಮಾತು ಇದು, ಇಲ್ಲ ಇಲ್ಲ, ಎಂಬತ್ತು ದಾಟಿತ್ತು, ಲಿವರ್‌ಮೋರಿನ ಗುಡಿ ಕಟ್ಟೋ ಮಾತು ನಡದಿತ್ತು ಆಗ. ನಿಮ್ಮ ಅಜ್ಜಗ ಆ ಕಡೇನ ನಕ್ಷಾ ತಗಿಯೋ ಕೆಲಸ ಇತ್ತು, ಆ ಕಂಪನಿ ಬಾಗಲಾ ಹಾಕ್ತು, ಕೆಲಸಾ ಹೋತು. ಈಗಿನಂಗ ಮೌಂಟನ್ ವ್ಯೂದಾಗ ಮನಿ ಮುಂದ ಕಂಪನಿ ಬಸ್ಸು ಬಂದು ನಿಲ್ಲೋ ಕಾಲ ಏನು ಅದು? ಇವರು ಸಂಜಿಕೆ ಕಾರ್ ನಿಲ್ಲಸೋ ಗ್ಯಾರೇಜಿನ್ಯಾಗ ಚೀಟಿ ಹರಕೊಂಡು ಕೂಡೋದು, ಹಗಲೆಲ್ಲಾ ಕೆಲಸಾ ಹುಡುಕಿಕೊಂಡು ತಿರಗೋದು. ನಾ ಆಸ್ಪತ್ರಿ ಅಡಿಗಿಮನ್ಯಾಗ. ಜೀವನದಾಗ ನನ್ನ ಮೊದಲನೇ ನೌಕರಿ. ತಲಿಗೆ ಬಲಿ ಹಾಕ್ಕೊಂಡು, ಕೈಗೆ ರಬ್ಬರಿನ ಚೀಲ ಹಾಕ್ಕೊಂಡು, ಕೋಳಿ ಇರಲಿ ದನಾ ಇರಲಿ, ತಾಟಿನ್ಯಾಗ ಇಟ್ಟು ಮುಚ್ಚಳಾ ಮುಚ್ಚಿ ಮುಂದಕ್ಕ ದೂಡೋದು. ಮನಿಗೆ ಬಂದು ತಲಿಮ್ಯಾಲೆ ನೀರು ಸುರಕೊಂಡ ಮ್ಯಾಲನ ಒಲಿ ಮುಂದ ಹೋಗ್ತಿದ್ದೆ. ಕೂಸನ್ನ ಡೇಕೇರಿಗೆ ಬಿಡೋ ಶಕ್ತಿ ಇದ್ದಿಲ್ಲ. ಒಂದಿನ ಕೆಳಗ ಬಟ್ಟಿ ಒಗಿಯೋ ಮಷೀನಿನ ಖೋಲ್ಯಾಗ ನಿಮ್ಮಪ್ಪ ಹೊಯ್ಕೊಳ್ಳಿಕತ್ತಿದ್ದ, ನಾನೂ ಅಳಲಿಕತ್ತಿದ್ದೆ. ಒಡೆಸ್ಸವ್ವ ಬಂದಾಕಿನ ಒಂದು ಮಾತೂ ಕೇಳದ ಕೂಸನ್ನ ಇಸಕೊಂಡು ತನ್ನ ಟೊಂಕದ ಮ್ಯಾಲೆ ಕೂಡಿಸಿಕೊಂಡ್ಲು. ಅಂದಿನಿಂದ ಅಂವಾ ಆ ಟೊಂಕದ ಮ್ಯಾಲಿಂದ ಇಳೀಲಿಲ್ಲ ಅನ್ರಿ. ನಾ ಆಕಿಗೆ ಶೇಂಗಾ ಹಿಂಡಿ ಕುಟ್ಟಿ ಕೊಡ್ತಿದ್ದೆ, ಆಕಿ ಅದನ್ನ ಜೋಳದ ಬ್ರೆಡ್ಡಿಗೆ ಹಚ್ಚಿಕೊಂಡು "ಲಾರ್ಡ್!" ಅಂತ ಕಣ್ಣು ಮುಚ್ಚಿ ತಿಂತಿದ್ಲು. ಅದೇ ವರ್ಷ ಊರಾಗ ನಮ್ಮವ್ವ ತೀರಿಕೊಂಡ್ಲು. ಹೋಗಲಿಕ್ಕೆ ಆಗಲಿಲ್ಲ ನನಗ. ಫೋನು ಬಂದ ದಿನ ಒಡೆಸ್ಸವ್ವ ಬಂದು ಬಚ್ಚಲದಾಗ ಬಿದ್ದಿದ್ದ ಭಾಂಡೆ ಎಲ್ಲಾ ತಿಕ್ಕಿ ಡಬ್ಬ ಹಾಕಿ ಹೋದ್ಲು. ಅಂಥಾಕಿ.

"ಅಜ್ಜಿ, ಗೋ ಬ್ಯಾಕ್ ಟು ದ ಹಬ್ಬ!" ಹಾಂ, ಹಬ್ಬ. ಬಂದೆ ಬಂದೆ.

ಆವತ್ತ ಸಂಜಿಕೆ ಕೆರಿ ಹತ್ರ ಒಂದು ದೊಡ್ಡ ಹಾಲಿನ್ಯಾಗ ಎಲ್ಲಾರೂ ಸೇರೋರಿದ್ರು, ನನ್ನನ್ನೂ ಕರದ್ಲು. ಇವರಿಗೆ ಗ್ಯಾರೇಜು, ನಾನು ಕೂಸು ಇಬ್ರೇ ಹೋದ್ವಿ. ಇಲಕಲ್ಲ ಸೀರಿ ಉಟ್ಟಿದ್ದೆ, ಎಲ್ಲಾರೂ ಬಂದು ಸೆರಗು ಮುಟ್ಟಿ ಮುಟ್ಟಿ ನೋಡಿದ್ರು. ಡೋಲು ಬಡೀತಿದ್ರು, ಮಂದಿ ಅಂದ್ರ ಮಂದಿ, ಅಡಿಗಿ ವಾಸನಿ, ಹುಡುಗ್ರು ಕಾಲಾಗ ಕಾಲಾಗ. ಮುಪ್ಪಿನ ಮುದುಕ ಒಬ್ಬರು, ಮಿಸ್ಟರ್ ಕ್ಲೆಮ್ ಅಂತ, ಆ ಮಂದಿಗೆಲ್ಲಾ ಹಿರ್ಯಾ, ಅವರು ಎದ್ದು ನಿಂತು ಒಂದು ಕಟಿಗಿ ಬಟ್ಟಲಾ ಹಿಡಕೊಂಡ್ರು, ಒಕ್ಕಟ್ಟಿನ ಬಟ್ಟಲಾ ಅಂತಾರ ಅದಕ್ಕ. ಕುಂಡದಾಗಿನ ಗಿಡಕ್ಕ ಸ್ವಲ್ಪ ಸ್ವಲ್ಪ ನೀರು ಬಿಡೋದು, ತೀರಿಕೊಂಡ ಹಿರ್ಯಾರ ಹೆಸರು ಹೇಳೋದು, ಒಂದೊಂದು ಹೆಸರಿಗೂ ಎಲ್ಲಾರೂ ಕೂಡಿ "ಅಶೇ" ಅನ್ನೋದು. ಹಂಗ ಆಗಲಿ ಅಂತ ಅರ್ಥ ಅದಕ್ಕ, ನನಗ ಮಾತ್ರ "ಆಸೆ" ಅಂತನ ಕೇಳಿಸ್ತಿತ್ತು. ನಮ್ಮ ಪಕ್ಷದಾಗ ಎಳ್ಳು ನೀರು ಬಿಡ್ತಾರಲ್ಲ, ಏನ್ ಫರಕು ಹೇಳ್ರಿ? ಮಂದಿ ಕೂತಲ್ಲಿಂದನ ತಮ್ಮ ತಮ್ಮವರ ಹೆಸರು ಹೇಳಲಿಕ್ಕೆ ಸುರು ಮಾಡಿದ್ರು. ಒಡೆಸ್ಸವ್ವ ನನ್ನ ಮೊಣಕೈಗೆ ತಿವಿದ್ಲು. ನಾ ಎದ್ದು ನಿಂತು, "ಕೃಷ್ಣಾಬಾಯಿ" ಅಂದೆ. ಇಡೀ ಹಾಲು "ಅಶೇ" ಅಂತು. ನಮ್ಮವ್ವ ಧಾರವಾಡ ಬಿಟ್ರ ಪಂಢರಪುರ ಕಂಡಾಕಿ, ಅಷ್ಟ. ಆಕಿ ಹೆಸರಿಗೆ ಅಷ್ಟು ಮಂದಿ ಅಲ್ಲಿ ದನಿ ಕೂಡಿಸಿದ್ರು. ನಾ ಅತ್ತೆ ಬಿಡ್ರಿ, ಭಾಳ ಅತ್ತೆ.

ಆಮ್ಯಾಲೆ ಅದೇ ಬಟ್ಟಲಾ ತುಂಬಿ ಕೈಯಿಂದ ಕೈಗೆ ದಾಟಿಸಲಿಕ್ಕೆ ಹತ್ತಿದ್ರು. ಎಲ್ಲಾರೂ ಒಂದೊಂದು ಗುಟುಕು. ಮಿಸ್ಟರ್ ಕ್ಲೆಮ್ ಕುಡದ್ರು, ಅವರ ಮಗ್ಗಲದವರು ಕುಡದ್ರು, ಒಡೆಸ್ಸವ್ವ ಕುಡದ್ಲು, ನನ್ನ ಕೈಗೆ ಬಂತು. ಅವ್ವನ ಹೆಸರು ಹೇಳಿ ನೀರು ಬಿಟ್ಟ ಬಟ್ಟಲಾ, ನನಗ ಅದು ತೀರ್ಥದ ಬಟ್ಟಲದಂಗ. ಎರಡೂ ಕೈಲೆ ತೊಗೊಂಡೆ, ಕಣ್ಣಿಗೆ ಒತ್ತಿಕೊಂಡೆ, ತಲಿ ಹಿಂದಕ್ಕ ಮಾಡಿ ಮ್ಯಾಲಿಂದ ಎತ್ತಿ ಕುಡದೆ. ತುಟಿಗೆ ಹತ್ತಲಿಲ್ಲ, ಒಂದು ಹನಿ ಚೆಲ್ಲಲಿಲ್ಲ! ಅಳಕೋತನೂ ಅಷ್ಟು ನಾಜೂಕಲೆ ಕುಡದ್ನಲ್ಲಾ ಅಂತ ನನಗ ನನ್ನ ಬಗ್ಗೆನ ಹೆಮ್ಮಿ ಅನಿಸ್ತು, ನೋಡ್ರಿ ಹಣೇಬರಹ. ಬಟ್ಟಲಾ ಕೆಳಗ ಇಳಿಸಿ ನೋಡಿದ್ರ ಎಲ್ಲಾರ ಕಣ್ಣೂ ನನ್ನ ಮ್ಯಾಲೆ. ಡೋಲು ನಿಂತಿತ್ತು. ಹಿಂದ ಕೂತ ಹೆಣಮಗಳೊಬ್ಬಾಕಿ ಸಣ್ಣ ದನಿಲೆ ಏನೋ ಅಂದ್ಲು, ನನಗ ಅರ್ಧಾ ತಿಳೀತು: "ನಮ್ಮ ಬಾಯಿ ಹತ್ತಿದ್ದು ಇಕಿಗೆ ನಡಿಯಂಗಿಲ್ಲ." ಒಡೆಸ್ಸವ್ವ ನೆಲಾ ನೋಡಲಿಕ್ಕೆ ಹತ್ತಿದ್ಲು. ನನ್ನ ಕೈಯಾಗಿಂದ ಬಟ್ಟಲಾ ತೊಗೊಂಡು ಮುಂದಿನವರಿಗೆ ಕೊಟ್ಲು, ಮತ್ತ ನನ್ನ ಕಡೆ ತಿರುಗಲಿಲ್ಲ. ಮನಿಗೆ ನಡಕೊಂಡು ಬರಬೇಕಾದ್ರೂ ಕೂಸನ್ನ ಎತ್ತಿಕೊಂಡಿದ್ದು ಆಕಿನ, ಆದ್ರ ನನಗಿಂತ ಹತ್ತು ಹೆಜ್ಜಿ ಮುಂದ ನಡದ್ಲು.

ಮರುದಿನ ಮುಂಜಾನೆ ಬಾಗಲಾ ತಗದ್ಲು. ಹಬಾರಿ ಇಲ್ಲ, ಗಾನಿ ಇಲ್ಲ. ಕೂಸನ್ನ ಇಸಕೊಂಡ್ಲು, ಅಂವನ ಕೆನ್ನಿಗೆ ಮುದ್ದು ಕೊಟ್ಲು, ಕೂಸಿನ ಮ್ಯಾಲೆ ಸಿಟ್ಟು ತೀರಿಸೋ ಹೆಣ್ಣಲ್ಲ ಅದು. ಆಮ್ಯಾಲೆ ಗ್ವಾಡಿ ನೋಡಿಕೋತ, "ಹೊಸ ವರ್ಷದಿಂದ ಬ್ಯಾರೆ ಯಾರನ್ನರ ನೋಡಿಕೋ" ಅಂದ್ಲು. ಆಕಿ ಬಿಟ್ರ ನನ್ನ ನೌಕರಿ ಹೋಗ್ತದ, ನೌಕರಿ ಹೋದ್ರ ಮನಿ ಹೋಗ್ತದ, ಅದೆಲ್ಲಾ ಖರೆ, ಆದ್ರ ನನಗ ಮೊದಲ ಚುಚ್ಚಿದ್ದು ಅದಲ್ಲ. ಅವ್ವ ಹೋದಮ್ಯಾಲೆ ಆ ಊರಾಗ ನನ್ನ ಮಾರಿ ನೋಡಿದ ಕೂಡ್ಲೆ ಉಂಡಾಳೋ ಇಲ್ಲೋ ಅಂತ ಗುರ್ತು ಹಿಡಿಯೋ ಜೀವ ಅಂದ್ರ ಅದೊಂದ ಇತ್ತು. ಬಾಗಲಾ ಮುಚ್ಚೂ ಮೊದಲ ಇಣಿಕಿ ನೋಡಿದೆ, ಚಾಪಿ ಮ್ಯಾಲೆ ತೆನಿ ಇತ್ತು. ತಗದಿದ್ದಿಲ್ಲ. ಆವತ್ತ ಆಸ್ಪತ್ರ್ಯಾಗ ಸೂಪಿನ ಮುಚ್ಚಳಾ ಬ್ರೆಡ್ಡಿಗೆ, ಬ್ರೆಡ್ಡಿಂದು ಸೂಪಿಗೆ, ಮೇಲಿನಾಕಿ ಕಡೀಂದ ಬೈಸಿಕೊಂಡೆ. ಮನಿಗೆ ಬಂದು ಇವರ ಮುಂದ ಹೇಳಿದ್ರ, "ಹೋಗಿ ಮಾಫಿ ಕೇಳು" ಅಂದ್ರು. "ಯಾತಕ್ಕ ಅಂತ ಕೇಳ್ಲಿ? ನೀರು ಕುಡದದ್ದಕ್ಕ?" "ಏನರ ತಪ್ಪಾಗಿರಬೇಕು." "ಆಕಿಗೆ ತೀರ್ಥದಷ್ಟು ಮರ್ಯಾದಿ ಕೊಟ್ಟೀನಿ ನಾ!" ಅಂತ ನಾನ ಇವರ ಮ್ಯಾಲೆ ಹಾರಾಡಿದೆ. ಪಾಪ, ಇವರು ಊಟಾ ಅರ್ಧಾ ಬಿಟ್ಟು ಗ್ಯಾರೇಜಿಗೆ ಹೋದ್ರು.

ಅವರು ಆ ಕಡೆ ಹೋದ್ರು, ಈ ಕಡೆ ಬಾಗಲಾ ಬಡದದ್ದು ಕೇಳ್ತು. ಧಬ ಧಬ ಧಬ. ಒಡೆಸ್ಸವ್ವ. ಒಳಗ ಬಾ ಅಂದ್ರ ಬರಲಿಲ್ಲ, ಹೊಸ್ತಿಲದಾಗ ನಿಂತ್ಲು, ಕೈ ಕಟ್ಟಿಕೊಂಡು. "ನಾ ಸಿಟ್ಟು ಇಟಗೊಂಡು ಮಲಗೋದು ಕಲ್ತಿಲ್ಲ. ಒಂದು ಮಾತು ಕೇಳ್ತೀನಿ, ಖರೆ ಹೇಳು. ನನ್ನ ಕೈಯಾಗ ನಿನ್ನ ಕೂಸನ್ನ ಕೊಡ್ತಿ. ನನ್ನ ಮನ್ಯಾಗ ಚಹಾ ಕುಡೀತಿ. ನಮ್ಮ ಹಿರ್ಯಾರ ಬಟ್ಟಲಕ್ಕ ಬಾಯಿ ಹಚ್ಚಲಿಕ್ಕೆ ನಿನಗ ಏನಾತು?" ನಾ ಗಾಬರಿ. ಎಂಜಲಾ ಅಂತ ಹೇಳಬೇಕು, ಎಂಜಲಕ್ಕ ಇಂಗ್ಲಿಷು ಏನು? ಈಗ ನೀವು ಹೇಳ್ರಿ ನೋಡೋಣು, ಏನು? ನಿಮಗೂ ಬರಂಗಿಲ್ಲ. ನಾ ನನ್ನ ಬಾಯಿ ತೋರಿಸಿದೆ, "ಮೈ ಮೌತ್ ಡರ್ಟಿ. ಯುವರ್ ಕಪ್ ಕ್ಲೀನ್" ಅಂದೆ. ಆಕಿ ಹುಬ್ಬು ಏರಿಸಿದ್ಲು. "ಯಾರ ಬಾಯಿ ಡರ್ಟಿ?" "ನಂದು! ನಂದು! ನಾ ಬಾಯಿ ಹಚ್ಚಿದ್ರ ಬಟ್ಟಲಾ ಕೆಡ್ತದ, ಮುಂದಿನವರು ಹ್ಯಾಂಗ ಕುಡೀಬೇಕು? ನಮ್ಮ ಊರಾಗ ಎಲ್ಲಾರೂ ಹಿಂಗನ ಕುಡೀತಾರ, ನಮ್ಮವ್ವ, ನಮ್ಮಪ್ಪ, ಎಲ್ಲಾರೂ" ಅಂತ ಹೇಳಿ, ಒಂದು ತಂಬಿಗಿ ನೀರು ತಂದು ಆಕಿ ಮುಂದ ಎತ್ತಿ ಕುಡದು ತೋರಿಸಿದೆ. ಆಕಿ ನೋಡೇ ನೋಡಿದ್ಲು. ಕೈ ಬಿಚ್ಚಿದ್ಲು, ಒಳಗ ಬಂದು ಖುರ್ಚಿ ಮ್ಯಾಲೆ ಕೂತ್ಲು.

ಆಮ್ಯಾಲೆ ಹೇಳಿದ್ಲು. ಆಕಿ ಹುಟ್ಟಿದ್ದು ಲೂಸಿಯಾನಾದಾಗ, ಎರಡನೇ ಮಹಾಯುದ್ಧದ ಟೈಮಿನ್ಯಾಗ ಅವರವ್ವ ಹಡಗು ಕಟ್ಟೋ ಕೆಲಸಕ್ಕ ಅಂತ ಈ ಕಡೆ ಬಂದಿದ್ಲು. ಅಲ್ಲಿ ಸಣ್ಣಾಕಿ ಇದ್ದಾಗ ಕಿರಾಣಿ ಅಂಗಡಿಗೆ ಹೋದ್ರ, ನೀರಡಿಸಿದ್ರ, ಅಂಗಡಿಯಾಕಿ ಹಿಂದಿನ ಬಾಗಲಕ್ಕ ಬಾ ಅಂತಿದ್ಲಂತ. ಅಲ್ಲಿ ಮ್ವಳಿಗೆ ಒಂದು ತಗಡಿನ ಡಬ್ಬಿ ತೂಗ ಹಾಕಿರತಿದ್ರಂತ, ಕರಿಯರ ಡಬ್ಬಿ. ಆ ಡಬ್ಬಿಗೂ ತನ್ನ ಹೂಜಿ ತಾಗಬಾರದಂತ, ಮ್ಯಾಲಿಂದ ಸುರಿಯೋದು. "ನೀ ತಲಿ ಎತ್ತಿ ಮ್ಯಾಲಿಂದ ನೀರು ಸುರಕೊಂಡ್ಯಲ್ಲ, ನನಗ ಆ ಅಂಗಡಿನ ಕಣ್ಣ ಮುಂದ ಬಂತು" ಅಂದ್ಲು. ನಾ "ಅಯ್ಯ, ನಮ್ಮದು ಹಂಗಲ್ಲ" ಅಂತ ಹೇಳಲಿಕ್ಕೆ ಬಾಯಿ ತಗದೆ. ಅಷ್ಟರಾಗ ನಮ್ಮ ಹಿತ್ತಲದ ಬಾಗಲಾ ನೆನಪಾತು. ಅಂಗಳಾ ಕಸಾ ಹೊಡೀಲಿಕ್ಕೆ ಎಲ್ಲವ್ವ ಅಂತ ಬರ್ತಿದ್ಲು. ಬ್ಯಾಸಗಿಯಾಗ ಆಕಿ ನೀರು ಕೇಳಿದ್ರ ನಮ್ಮಜ್ಜಿ ಮೆಟ್ಟಲ ಮ್ಯಾಲೆ ನಿಂತು, ಎತ್ತರದಿಂದ ಆಕಿ ಬೊಗಸಿಗೆ ಸುರೀತಿದ್ಲು. ಅದಕ್ಕೂ ಎಂಜಲಾ ಮೈಲಿಗಿ ಅಂತನ ಹೆಸರು. ನಾ ಅದನ್ನೂ ಹೇಳಿದೆ ಒಡೆಸ್ಸವ್ವಗ. ಯಾಕ ಹೇಳಿದೆ ಗೊತ್ತಿಲ್ಲ, ಖರೆ ಹೇಳು ಅಂದಿದ್ಲಲ್ಲ. "ಹಂಗಾರ ನಿನಗ ಆ ಅಂಗಡಿ ಗೊತ್ತದ" ಅಂದ್ಲು ಒಡೆಸ್ಸವ್ವ. "ಗೊತ್ತದ" ಅಂದೆ. "ನಿನ್ನೆ ಹಾಲಿನ್ಯಾಗ ನೀ ಕುಡದದ್ದು ಯಾವುದು? ನಿಮ್ಮವ್ವಂದೋ, ಮೆಟ್ಟಲ ಮ್ಯಾಲಿಂದೋ?" ನಾ ಎದಿ ಮ್ಯಾಲೆ ಕೈ ಇಟ್ಟು, "ನಮ್ಮವ್ವಂದು" ಅಂದೆ. ಆಕಿ ನನ್ನ ಮಾರಿ ನೋಡಿ, "ನಂಬತೀನಿ. ಆದ್ರ ನಾ ಒಬ್ಬಾಕಿ ನಂಬಿದ್ರ ಆಗಲಿಲ್ಲ, ಹಾಲು ತುಂಬ ಮಂದಿ ನೋಡ್ಯಾರ. ವರ್ಷದ ಕಡೀ ದಿನ ದೊಡ್ಡ ಊಟ ಅದ, ಅವಾಗ ಬಾ" ಅಂತ ಹೇಳಿ ಎದ್ದು ಹೋದ್ಲು. ಕೂಸಿನ ಮಾತು ಎತ್ತಲಿಲ್ಲ ಆಕಿ, ನಾನೂ ಕೇಳಲಿಲ್ಲ, ಅಂಜಿಕಿ.

ಆ ದಿನ ಇವರೂ ರಜಾ ಹಾಕಿ ಬಂದ್ರು. ಬರೋ ದಾರಿ ತುಂಬ ನನಗ ಪಾಠಾ, "ಸಣ್ಣ ಗುಟುಕು ಕುಡಿ, ತುಟಿ ಹಚ್ಚಿ ಕುಡಿ, ಹೆದರಬ್ಯಾಡ" ಅಂತ, ತಾವು ಜನ್ಮದಾಗ ಇನ್ನೊಬ್ಬರ ಲೋಟಾ ಮುಟ್ಟಿದವರಲ್ಲ. ಊಟಕ್ಕ ಮೊದಲ ಬಟ್ಟಲಾ ಹೊಂಟ್ತು. ಒಡೆಸ್ಸವ್ವ ನನ್ನ ಎಬ್ಬಿಸಿ ನಿಲ್ಲಿಸಿದ್ಲು. "ಇಕಿ ಏನೋ ಹೇಳಬೇಕಂತ, ಕೇಳ್ರಿ." ಅದೇ ಇಂಗ್ಲಿಷು, ಮೈ ಮೌತ್ ಡರ್ಟಿ, ಯುವರ್ ಕಪ್ ಕ್ಲೀನ್, ಮೈ ಮದರ್ ಟೀಚಿಂಗ್. ಅಷ್ಟು ಹೇಳಿ, ಇನ್ನ ಮಾತು ಬರಂಗಿಲ್ಲ ಅಂತ, ಬಟ್ಟಲಾ ತೊಗೊಂಡು ತುಟಿಗೆ ಹಚ್ಚಿದೆ. ಜೀವನದಾಗ ಮೊದಲನೇ ಸಲ ಹತ್ತು ಮಂದಿ ಬಾಯಿ ಹಚ್ಚಿದ್ದಕ್ಕ ನನ್ನ ಬಾಯಿ. ಕಣ್ಣು ಗಟ್ಟಿ ಮುಚ್ಚಿಕೊಂಡು ಕುಡದೆ, ಯಾರಿಗೂ ಸಂಶಯ ಉಳೀಬಾರದು ಅಂತ ಕುಡದೆ, ಮತ್ತ ಕುಡದೆ. ಕಣ್ಣು ತಗದು ನೋಡ್ತೀನಿ, ಬಟ್ಟಲಾ ಖಾಲಿ! ಇನ್ನೂ ಅರ್ಧಾ ಹಾಲಿನ ಮಂದಿ ಕುಡಿಯೋದು ಉಳದದ, ನಾ ತಳಾ ಕಾಣೋ ಹಂಗ ಮುಗಿಸಿ ನಿಂತೀನಿ. ಇವರು ಹಣಿ ಹಣಿ ಬಡಕೊಂಡ್ರು. ಮಿಸ್ಟರ್ ಕ್ಲೆಮ್ ಬಟ್ಟಲದಾಗ ಬಗ್ಗಿ ನೋಡಿದ್ರು, ನನ್ನ ನೋಡಿದ್ರು, "ಮಗಳ, ನಮ್ಮ ಪಾಲಿಗೂ ಸ್ವಲ್ಪ ಒಕ್ಕಟ್ಟು ಬಿಡಬೇಕಿತ್ತಲ್ಲವ್ವಾ!" ಅಂದ್ರು. ಹಾಲಿಗೆ ಹಾಲನ ನಕ್ತು. ಆವತ್ತ ಸಣ್ಣ ದನಿಲೆ ಅಂದಿದ್ಲಲ್ಲ ಆ ಹೆಣಮಗಳು, ಆಕಿನ ಓಡಿ ಹೋಗಿ ಮತ್ತ ತುಂಬಿಸಿಕೊಂಡು ಬಂದ್ಲು, ಮೊದಲ ನನ್ನ ಕೈಗೇ ಕೊಟ್ಲು, "ಸಾಕಾತೋ, ಇನ್ನೂ ಬೇಕೋ?" ಅಂತ. ಒಡೆಸ್ಸವ್ವ ನಕ್ಕು ನಕ್ಕು ಕಣ್ಣಾಗಿನ ನೀರು ಒರಸಿಕೋತ, ನನ್ನ ಕಿವಿ ಹತ್ರ ಬಂದು, "ನಾಳೆ ಮುಂಜಾನೆ ವಾಸೂನ ಜೋಡಿ ಆ ಶೇಂಗಾ ಹಿಂಡಿನೂ ತೊಗೊಂಡು ಬಾ, ಮುಗದದ" ಅಂದ್ಲು. ನನಗ ಅಷ್ಟ ಸಾಕಾತು. ನಿಮ್ಮಪ್ಪ ಸಾಲಿಗೆ ಹೋಗೋ ತನಕ ಆಕಿ ಟೊಂಕದ ಮ್ಯಾಲನ ಬೆಳದಾ.

ಆಕಿ ಆವತ್ತ ಬಂದು ಕೇಳಿರದಿದ್ರ? ನಾ ಇವತ್ತಿಗೂ ತೀರ್ಥದಂಗ ಕುಡದೆ ಅನಕೋತ ಕೂಡ್ತಿದ್ದೆ, ಆಕಿ ನನ್ನನ್ನ ಅಂಗಡಿಯಾಕಿ ಅನಕೋತ ಕೂಡ್ತಿದ್ಲು, ನಡುವ ಎರಡು ಬಾಗಲಾ. ಅದಕ್ಕ ಹೇಳ್ತೀನಿ ನಿಮಗ, ಯಾರ ಮ್ಯಾಲರ ಸಿಟ್ಟು ಬಂದ್ರ ಹೋಗಿ ಬಾಗಲಾ ಬಡೀರಿ, ಬಾಗಲಾ ಹಾಕಬ್ಯಾಡ್ರಿ. ಏಳ್ರಿ ಇನ್ನ, ಅನ್ನ ಆರ್ತದ.